ಸಾಂಬ್ರಾಣಿಯ ಕೆಂಡ

ಮಗುವಿನ ಕೆಮ್ಮು ಯಾವ ಔಷಧಿಗೂ ಬಗ್ಗಲಿಲ್ಲ. ಮನೆಯೊಳಗೆ ಹೊಗೆಯ ಸುಳಿವೇ ಇರಕೂಡದೆಂದು ಡಾಕ್ಟರು ಗದರಿ ಕಳಿಸಿದ್ದರು. ಭಾರ್ಗವಿ ಮನೆಗೆ ಬಂದವಳೇ, ಅತ್ತೆ ಸಾಂಬ್ರಾಣಿ ಹಾಕಲೆಂದು ಇಟ್ಟಿದ್ದ ಕೆಂಡದ ಮೇಲೆ ಒಂದು ತಂಬಿಗೆ ನೀರು ಸುರಿದಳು.

"ಬಾಣಂತನ ಮುಗಿದು ಎಷ್ಟು ಕಾಲವಾಯ್ತು ಅತ್ತೆ? ಇನ್ನೂ ಬೆಳಿಗ್ಗೆ ಹೊಗೆ, ಸಂಜೆ ಹೊಗೆ!"

ಅತ್ತೆ ಮುಚ್ಚಿದ್ದ ಬಚ್ಚಲ ಬಾಗಿಲಿನತ್ತ ಒಮ್ಮೆ ನೋಡಿದರು. ಅವರ ಮಗ ಒಳಗಿದ್ದ.

"ಮಗು ಹುಟ್ಟಿದ ದಿನಾನೇ ನಿಮ್ಮ ಮಗ ಸಿಗರೇಟು ಬಿಟ್ಟರು. ನಿಮಗೆ ಇದೊಂದು ಬಿಡಕ್ಕಾಗಲ್ವಾ?"

ಭಾರ್ಗವಿ ಕಿಟಕಿಗಳನ್ನೆಲ್ಲ ತೆರೆದು, ಹೊಸದಾಗಿ ತರಿಸಿದ್ದ ಗಾಳಿ ಶುದ್ಧ ಮಾಡುವ ಮೆಷಿನ್ನನ್ನು ಹಾಕಿದಳು. ಹೊಗೆಗೆ ಕೆಂಪಗಿದ್ದ ಅದರ ದೀಪ ನಿಧಾನವಾಗಿ ಹಸಿರಾಯಿತು.

"ನೋಡಿದ್ರಾ? ಎಲ್ಲ ನಿಮ್ಮ ಸಾಂಬ್ರಾಣಿದೇ."

ಅತ್ತೆಯ ಕಣ್ಣು ತುಂಬಿಕೊಂಡಿತು.

ಬಚ್ಚಲ ಬಾಗಿಲು ತೆರೆಯಿತು. ಗಂಡ ಟವೆಲಿನಿಂದ ಬಾಯೊರೆಸಿಕೊಳ್ಳುತ್ತ ಹೊರಬಂದು ಮಗುವನ್ನೆತ್ತಿಕೊಳ್ಳಲು ಬಾಗಿದ. ಮಗು ಕೆಮ್ಮಿತು. ಮೆಷಿನ್ ಒಮ್ಮೆಲೇ ಗುಂಯ್‌ಗುಟ್ಟಿ, ದೀಪ ಕೆಂಪಾಯಿತು.

ಭಾರ್ಗವಿ ಗಂಡನ ಮುಖ ನೋಡಿದಳು.

"ಇನ್ನು ನನ್ನ ಕೈಲಾಗಲ್ಲಪ್ಪ," ಎಂದರು ಅತ್ತೆ ಮಗನಿಗೆ. "ನಿನ್ನ ವಾಸನೆ ಮುಚ್ಚೋಕೆ ಇದ್ದ ಕೆಂಡಾನೂ ಆರಿಸಿಬಿಟ್ಟಳು."