ಎರಡನೇ ಮೈಕು

ಒಡೆದ ತುಟಿಯಿಂದ ರಕ್ತ ಒಸರುತ್ತಿದ್ದರೂ ಅವನಿಗೆ ಅವಸರವಿದ್ದದ್ದು ಸೌಂಡ್ ಮಿಕ್ಸರಿಗೆ.

"ಇದು ಬೇಡ, ಹೆಣದ ಪೆಟ್ಟಿಗೆ ಇದ್ದಂಗಿದೆ," ಎಂದು ಹನ್ನೆರಡು ಚಾನೆಲ್ಲಿನದನ್ನು ಪಕ್ಕಕ್ಕೆ ತಳ್ಳಿದ. "ಹೆಗಲ ಚೀಲದಲ್ಲಿ ಹಿಡಿಯೋದು ತೋರಿಸಿ. ಸಣ್ಣಪುಟ್ಟ ಕಾರ್ಯಕ್ರಮಕ್ಕೂ ಆಗ್ಬೇಕು, ಮನೆಯಲ್ಲಿ ರೆಕಾರ್ಡಿಂಗಿಗೂ ಆಗ್ಬೇಕು."

ಊರಿಗೆಲ್ಲ ಅವನು ಗಿಳಿ. ಅಣ್ಣನೂ ಅವನೂ ಜೋಡಿಯಾಗಿ ಮಿಮಿಕ್ರಿ ಮಾಡುತ್ತಿದ್ದರು. ಪೋಸ್ಟರಿನಲ್ಲಿ ಇಬ್ಬರ ಮುಖ. ಚಪ್ಪಾಳೆ ಮಾತ್ರ ಅಣ್ಣನಿಗೆ.

"ತುಟಿಗೆ ಏನಾಯ್ತು?" ಅಂಗಡಿಯವನು ಕೇಳಿದ.

ಗಿಳಿ ತಾನು ಹೇಳಲಿಲ್ಲ. ಅಣ್ಣನಿಂದ ಹೇಳಿಸಿದ. ದವಡೆ ಬಿಗಿಯಿತು, ದನಿ ಎರಡು ಮೆಟ್ಟಿಲು ಕೆಳಗಿಳಿಯಿತು: "ಇನ್ನೊಂದ್ ಸಲ ಎದುರಾಡಿದ್ರೆ ನಾಲಿಗೆ ಕಿತ್ತು ಕೈಗೆ ಕೊಡ್ತೀನಿ."

ಅಂಗಡಿಯವನು ಬಾಗಿಲ ಕಡೆ ತಿರುಗಿಬಿಟ್ಟ. ಅಲ್ಲಿ ಯಾರೂ ಇರಲಿಲ್ಲ.

"ಮನೆ ಜಗಳ, ಬಿಡಿ," ಗಿಳಿ ತನ್ನ ದನಿಗೆ ವಾಪಸಾದ. "ಅದೇನದು, ಆ ಚಿಕ್ಕದು?"

"ನಾಲ್ಕು ಚಾನೆಲ್ಲು. ಮೈಕಿಗೆ ಎರಡು ಸಾಕೆಟ್ಟು. ಇಬ್ಬರು ಒಟ್ಟಿಗೆ ಮಾತಾಡಿದ್ರೂ ಕಂಪ್ಯೂಟರಿನಲ್ಲಿ ಒಬ್ಬೊಬ್ಬರದು ಒಂದೊಂದು ಗೆರೆಯಾಗಿ ಬೇರೆ ಬೇರೆ ಬೀಳ್ತದೆ. ಕೂದಲು ಬಾಚಿ ಬೈತಲೆ ತೆಗೆದ ಹಾಗೆ." ಅಂಗಡಿಯವನು ಡಬ್ಬದ ಮೂಲೆಯ ಚೀಟಿಯನ್ನು ಹೆಬ್ಬೆರಳಿನಿಂದ ಒತ್ತಿ ಸವರಿದ. "ನೀವು ಎಷ್ಟು ಮೈಕು ಹಾಕ್ತೀರಿ?"

"ಒಂದೇ. ಇನ್ಮೇಲೆ ನಾನೊಬ್ಬನೇ."

ಅಂಗಡಿಯವನ ಎದೆ ಹಗುರಾಯಿತು. ಆ ಮಿಕ್ಸರು ಹೋದ ತಿಂಗಳು ಕಪಾಟಿನಿಂದ ಬಿದ್ದಿತ್ತು. ಒಂದು ಮೂಲೆ ನಜ್ಜುಗುಜ್ಜು. ಅದರ ಮೇಲೆ ಅವನೇ ಗ್ಯಾರಂಟಿ ಚೀಟಿ ಅಂಟಿಸಿದ್ದ. ಹೊಸದೆಂದು ಅದನ್ನು ದಾಟಿಸಲು ಒಬ್ಬ ಒಂಟಿ ಮನುಷ್ಯನಿಗಾಗಿ ಕಾಯುತ್ತಿದ್ದ. ಮೊದಲನೇ ಸಾಕೆಟ್ಟಿಗೆ ಮೈಕು ಸಿಕ್ಕಿಸಿಕೊಟ್ಟ. ಗಿಳಿ ಐದು ದನಿಯಲ್ಲಿ "ಹಲೋ" ಅಂದ. ಐದನೆಯದು ಅಂಗಡಿಯವನದೇ. ಇಬ್ಬರೂ ನಕ್ಕರು. ನಗು ಮುಗಿಯುವುದರೊಳಗೆ ಅಂಗಡಿಯವನು ಸ್ವಿಚ್ ಆರಿಸಿ, ಪೆಟ್ಟಿಗೆ ಮುಚ್ಚಿ, ಟೇಪು ಸುತ್ತಿದ್ದ.

ಹತ್ತನೇ ದಿನ ಪೊಲೀಸಪ್ಪ ಅಂಗಡಿಯ ಮುಂದೆ ಜೀಪು ನಿಲ್ಲಿಸಿದ. "ಸ್ಟೇಷನ್ನಿಗೆ ನಡಿ. ನೀನು ಮಾರಿದ ಡಬ್ಬದ ವಿಷಯ."

ಅಂಗಡಿಯವನು ಬಾಗಿಲು ಎಳೆದು ಜೀಪು ಹತ್ತಿದ. ಇಷ್ಟಕ್ಕೆ ಸ್ಟೇಷನ್ನೇ? ವಾಪಸ್ ಕೊಟ್ಟಿದ್ದರೆ ಬದಲಾಯಿಸಿ ಕೊಡುತ್ತಿರಲಿಲ್ಲವೇ?

ಇನ್‌ಸ್ಪೆಕ್ಟರ ಮೇಜಿನ ಮೇಲೆ ಮಿಕ್ಸರು ಕೂತಿತ್ತು. ಗ್ಯಾರಂಟಿ ಚೀಟಿ ಮೇಲೆದ್ದಿತ್ತು. ಅದರ ಮೇಲೆ ಕಂದುಬಣ್ಣದ ಚುಕ್ಕೆಗಳು. ಎದುರಿನ ಕುರ್ಚಿಯಲ್ಲಿ ಗಿಳಿ, ಕತ್ತಿನ ಸುತ್ತ ಬೆರಳಿನ ನೀಲಿ ಗುರುತು. ಮೂಲೆಯ ಬೆಂಚಿನಲ್ಲಿ ಅವನ ಅತ್ತಿಗೆ.

"ಇವನ ಅಣ್ಣ ಹೋದ," ಎಂದರು ಇನ್‌ಸ್ಪೆಕ್ಟರ್. "ಮೈಕ್ ಸ್ಟ್ಯಾಂಡಿನ ಕಬ್ಬಿಣದ ಬುಡದಲ್ಲಿ ತಲೆಗೆ ಮೂರು ಏಟು. ಹೊಡೆದೋನು ಇವನೇ, ಒಪ್ಕೊಂಡಿದಾನೆ. ಜೀವ ಉಳಿಸ್ಕೊಳ್ಳೋಕೆ ಹೊಡೆದೆ ಅಂತಾನೆ. ಪ್ರಾಕ್ಟೀಸ್ ಮಾಡ್ತಾ ರೆಕಾರ್ಡ್ ಆಗಿದ್ದಂತೆ, ಇಬ್ಬರ ದನಿ ಎರಡು ಗೆರೆಯಾಗಿ ಬೇರೆ ಬೇರೆ ಬಿದ್ದಿದೆ. ಕೇಳು."

ಮೊದಲು ನಗು, ಇಬ್ಬರದು. ಆಮೇಲೆ ಕುರ್ಚಿ ಮುರಿದ ಸದ್ದು. ಕಪಾಳಕ್ಕೆ ಬಿದ್ದ ಏಟು. "ಜೋಡಿ ಬಿಟ್ಟು ಹೋಗ್ತೀಯಾ? ನಾಲಿಗೆ ಕೀಳ್ತೀನಿ." ತಲೆ ಗೋಡೆಗೆ ಬಡಿಯಿತು, ಒಮ್ಮೆ, ಮತ್ತೊಮ್ಮೆ. "ಉಸಿರು... ಅಣ್ಣಾ, ಉಸಿರು..." ಅದರ ಮೇಲೆಯೇ, ಅದೇ ಗಳಿಗೆಯಲ್ಲಿ, "ಸಾಯಿ, ಸಾಯಿ, ಸಾಯಿ." ಎರಡು ದನಿ ಹಾವು ಮುಂಗುಸಿಯಂತೆ ಹೊಸೆದುಕೊಂಡಿದ್ದವು. ಕಬ್ಬಿಣ ಬಿತ್ತು. ಮತ್ತೆ ಬಿತ್ತು. ಮೂರನೆಯ ಏಟಿನ ಸದ್ದು ಒದ್ದೆಯಾಗಿತ್ತು. ಆಮೇಲೆ ಒಂದೇ ಉಸಿರು.

"ಅದು ಅವರ ದನಿ ಅಲ್ಲ," ಎಂದಳು ಅತ್ತಿಗೆ. "ಹನ್ನೊಂದು ವರ್ಷದಲ್ಲಿ ನೊಣಕ್ಕೂ ಗದರಿದವರಲ್ಲ."

"ಅದಕ್ಕೇ ಈ ಅಂಗಡಿಯವನನ್ನ ಕರೆಸಿದ್ದು, ತಾಯಿ. ನಿಮ್ಮ ಮೈದುನ ಯಾರ ದನಿ ಬೇಕಾದ್ರೂ ತೆಗೀತಾನೆ, ಗೊತ್ತು."

"ತೆಗೀತೀನಿ ಸಾರ್," ಗಿಳಿ ಮೆಲ್ಲಗೆ ಹೇಳಿದ. "ಆದ್ರೆ ನನಗಿರೋದು ಒಂದೇ ಬಾಯಿ. ಅಲ್ಲಿ ಇಬ್ಬರೂ ಒಟ್ಟಿಗೆ ಕೂಗ್ತಿದೀವಿ. ನನ್ನ ಮೈಕು ಮೊದಲನೇ ಸಾಕೆಟ್ಟಿಗೆ, ಅಣ್ಣಂದು ಎರಡನೇದಕ್ಕೆ. ನೀವು ಬಂದಾಗ್ಲೂ ಹಂಗೇ ಸಿಕ್ಕಿಸಿತ್ತಲ್ಲ?"

ಸಿಕ್ಕಿಸಿತ್ತು. ಫೋಟೋ ಮೇಜಿನ ಮೇಲೇ ಇತ್ತು.

"ಒಬ್ಬನೇ ಎರಡು ಸಲ ಮಾತಾಡಿ, ಆಮೇಲೆ ಜೋಡಿಸೋಕೂ ಆಗ್ತದಂತೆ," ಎಂದು ಇನ್‌ಸ್ಪೆಕ್ಟರ್ ಅಂಗಡಿಯವನ ಕಡೆ ತಿರುಗಿದರು. "ಹಂಗೇನಾದ್ರೂ ಆಗಿದ್ರೆ ಇದು ಕೊಲೆ. ನೀನು ಹೇಳು. ಈ ಡಬ್ಬ ಎರಡು ಮೈಕನ್ನ ಒಂದೇ ಸಲಕ್ಕೆ ಬೇರೆ ಬೇರೆ ಹಿಡೀತದಾ?"

"ನೀವೇ ಹೇಳಿದ್ರಲ್ಲ," ಗಿಳಿ ಜ್ಞಾಪಿಸಿದ. "ಬೈತಲೆ ತೆಗೆದ ಹಾಗೆ ಅಂತ."

ಹೌದು ಅಂದರೆ ಆಯಿತು. ಗಿಳಿ ಪಂಜರದಿಂದ ಹೊರಗೆ, ಅಂಗಡಿಯವನು ಅಂಗಡಿಗೆ. ಇಪ್ಪತ್ತು ವರ್ಷ ಕಟ್ಟಿದ ಹೆಸರಿಗೆ ಒಂದು ಗೀರೂ ಬೀಳುವುದಿಲ್ಲ. ಬೆಂಚಿನಿಂದ ಅತ್ತಿಗೆ ಅವನನ್ನೇ ನೋಡುತ್ತಿದ್ದಳು. ಅವನು ಮಿಕ್ಸರನ್ನು ಹತ್ತಿರಕ್ಕೆ ಎಳೆದುಕೊಂಡ, ಗ್ಯಾರಂಟಿ ಚೀಟಿಯನ್ನು ಪೂರ್ತಿ ಕಿತ್ತ.

"ಹೊಸದು ಹಿಡೀತದೆ, ಸಾರ್. ಇದು ಬಿದ್ದಿದ್ದ ಮಾಲು. ಇವರಿಗೆ ಬೇಕಾಗಿದ್ದು ಒಂದೇ ಮೈಕು ಅಂತ ಬಾಯಿ ಮುಚ್ಕೊಂಡು ಮಾರಿದೆ."

ಗಿಳಿಯ ಬಾಯಿ ತೆರೆಯಿತು. ಅದರಿಂದ ಯಾರ ದನಿಯೂ ಬರಲಿಲ್ಲ.

"ಎರಡನೇ ಸಾಕೆಟ್ಟು," ಎಂದ ಅಂಗಡಿಯವನು, "ಇವರ ಅಣ್ಣನಿಗಿಂತ ಒಂದು ತಿಂಗಳು ಮುಂಚೆನೇ ಸತ್ತಿತ್ತು, ಸಾರ್."