ದ್ಯಾಮವ್ವ ಓದಗೊಡದ ಅಧ್ಯಾಯ

ಅರ್ಧ ಓದಿ ಫಾರ್ವರ್ಡ್ ಮಾಡುವವರು ಇದನ್ನು ಮುಟ್ಟಬೇಡಿ... ಪೂರ್ತಿ ಓದುವವರು ಮಾತ್ರ ಕೂತುಕೊಳ್ಳಿ.

ಗದಗಿನ ಒಂದು ಓಣಿಯಲ್ಲಿ ರೊಟ್ಟಿ ಕೇಂದ್ರ. ಬೆಳಿಗ್ಗೆಯಿಂದ ಹೆಂಗಸರು ಒಲೆಗಳ ಮುಂದೆ ಕೂತು ಖಾನಾವಳಿಗಳಿಗೆ ಜೋಳದ ಕಡಕ್ ರೊಟ್ಟಿ ಬಡಿಯುತ್ತಾರೆ.

ಅಲ್ಲೊಂದು ಪದ್ಧತಿ... ಒಬ್ಬಳು ಕೈ ತೊಳೆದುಕೊಂಡು ಪುಸ್ತಕ ಓದಬೇಕು. ಅವಳ ಪಾಲಿನ ರೊಟ್ಟಿಯನ್ನು ಉಳಿದವರು ಬಡಿದುಕೊಡುತ್ತಾರೆ.

ಓದುವವಳು ವಿಮಲಾ, ಪಕ್ಕದ ಮನೆಯ ಸೊಸೆ, ಓಣಿಯ ಕಿರಿಯರಿಗೆಲ್ಲ "ವೈನಿ". ಈ ಸಲದ ಪುಸ್ತಕ ನೂರೈವತ್ತು ವರ್ಷದ ಹಿಂದೆ ಅಮೆರಿಕದ ಹೆಣ್ಣುಮಗಳೊಬ್ಬಳು ಬರೆದ ಕಾದಂಬರಿಯ ಕನ್ನಡ ಅನುವಾದ.

ಒಬ್ಬ ತಾಯಿ, ನಾಲ್ಕು ಹೆಣ್ಣುಮಕ್ಕಳು. ತಂದೆ ಯುದ್ಧಕ್ಕೆ ಹೋಗಿದ್ದಾನೆ. ಮನೆಯಲ್ಲಿ ಜಗಳ, ನಗು, ಮುನಿಸು... ಅಷ್ಟೇ ಕಥೆ.

ಆ ಹೆಸರುಗಳು ನಾಲಿಗೆಗೆ ಹೊರಳಲಿಲ್ಲ. ಹೆಂಗಸರೇ ಹೆಸರಿಟ್ಟರು... ದೊಡ್ಡಾಕಿ, ಸಿಟ್ಟಿನಾಕಿ, ಮೆತ್ತನ್ನಾಕಿ, ಠೀವಿಯಾಕಿ.

"ಆ ಸಿಟ್ಟಿನಾಕಿ ನಮ್ಮ ದ್ಯಾಮವ್ವನ ನೋಡ್ರಿ! ಅಮೆರಿಕಾದಾಗೂ ಒಬ್ಬಾಕಿ ಅದಾಳಂದ್ರ ದೇಶ ಹೆಂಗ ಉದ್ಧಾರಾದೀತು?" ಎಂದು ಕಾಶವ್ವ ನಗಿಸುತ್ತಿದ್ದಳು.

ಕೇಂದ್ರ ನಡೆಸುವ ದ್ಯಾಮವ್ವನಿಗೆ ಆ ದಿನ ಮಾತ್ರ ನಗು ಬರಲಿಲ್ಲ.

ತಂಗಿ ಚಂಪಾಳಿಗೆ ಸೋಮವಾರ ಹುಬ್ಬಳ್ಳಿಯಲ್ಲಿ ಹಾರ್ಟ್ ಆಪರೇಷನ್. ಅವ್ವ ಸತ್ತ ಮೇಲೆ ತಾನೇ ಎತ್ತಿ ಬೆಳೆಸಿದ ತಂಗಿ. ಗಂಡ ಬಿಟ್ಟು ಹೋದ ಮೇಲೆ ಮಗಳು ಪಲ್ಲವಿಯನ್ನು ಕಟ್ಟಿಕೊಂಡು ಅಕ್ಕನ ಮನೆಯಲ್ಲೇ ಇದ್ದಳು. ಬೆಂಕಿಯ ಮುಂದೆ ಕೂರಲು ಆಗದಿದ್ದರೂ ಕಥೆ ಕೇಳಲು ಬಂದು ಗೋಡೆಗೆ ಒರಗಿ ಕೂರುತ್ತಿದ್ದಳು.

ಮನೆಯಲ್ಲಿ ಅವಳು, "ಅಕ್ಕಾ, ಒಂದ್ ವ್ಯಾಳ್ಯಾ ನನಗ ಏನರ ಆದ್ರ..." ಎಂದು ಬಾಯಿ ತೆರೆದರೆ ಸಾಕು.

"ಬಿಡ್ತು ಅನ್ನು!" ದ್ಯಾಮವ್ವ ಗುಡುಗುತ್ತಿದ್ದಳು. "ಮೊದ್ಲ ಬಿಡ್ತು ಅನ್ನು!"

ಚಂಪಾ "ಬಿಡ್ತು" ಎಂದು ಸುಮ್ಮನಾಗುತ್ತಿದ್ದಳು. ಕೆಟ್ಟ ಮಾತಿಗೆ ಬಾಗಿಲು ಹಾಕಿದೆ ಎಂದು ದ್ಯಾಮವ್ವ ತಿಳಿದಿದ್ದಳು.

ಆ ಬೆಳಿಗ್ಗೆ ವಿಮಲಾ ಅವಳನ್ನು ಹಿಟ್ಟಿನ ಚೀಲದ ಹಿಂದೆ ಕರೆದಳು.

"ದ್ಯಾಮಕ್ಕಾ... ಇವತ್ತಿನ ಭಾಗದಾಗ ಮೆತ್ತನ್ನಾಕಿ ಸಾಯ್ತಾಳ್ರಿ."

ಮೆತ್ತನ್ನಾಕಿ ಅಂದರೆ ಚಂಪಾಳೇ ಎಂದು ಎಲ್ಲರೂ ಅಂದುಕೊಂಡಿದ್ದರು.

"ಬದುಕಿಸು ಆಕೀನ."

"ಬರದದ್ದನ್ನ ಹೆಂಗ್ರಿ..."

"ಬಾಯಿ ನಿಂದು, ಬದುಕಿಸು. ಆಕಿ ಸತ್ಲಂದ್ರ ನೀ ನಾಳಿಂದ ಈ ಕಡೆ ಬರಬ್ಯಾಡ!"

ವಿಮಲಾ ಓದಲು ಕೂತಳು. ದ್ಯಾಮವ್ವ ರೊಟ್ಟಿ ಬಡಿಯುತ್ತಲೇ ಅವಳ ತುಟಿ ಕಾಯುತ್ತಿದ್ದಳು.

"ಮೆತ್ತನ್ನಾಕಿಯ ಜಡ್ಡು ಇಳಿಯಿತು... ಆಕೆ ಎದ್ದು ಕುಳಿತು... ಜೋಳದ ಗಂಜಿ ಕುಡಿದಳು..."

ಚಂಪಾ ಮೆಲ್ಲಗೆ ನಕ್ಕಳು. "ವೈನಿ, ಅಮೆರಿಕಾದಾಗ ಜ್ವಾಳದ ಗಂಜಿ ಯಾರ ಕಾಸಿ ಕೊಟ್ರು? ನಮ್ಮಕ್ಕನ?"

ಬಳಿಕ ನಗು ಬಿಟ್ಟು ಅವಳೇ ಅಂದಳು:

"ಪುಸ್ತಕದಾಗ ಇದ್ದದ್ದ ಓದ್ರಿ, ವೈನಿ."

ದ್ಯಾಮವ್ವ ಎದ್ದವಳೇ ಹಿಟ್ಟಿನ ಕೈಯಲ್ಲೇ ಪುಸ್ತಕ ಕಿತ್ತುಕೊಂಡಳು. "ಇನ್ನೊಂದ್ ಅಕ್ಷರ ಓದಿದ್ರ ಇದನ್ನ ಒಲಿಗೆ ಹಾಕ್ತೀನಿ!"

"ಹಾಕು," ಎಂದಳು ಚಂಪಾ. "ನಾ ಓದಿ ಮುಗಿಸೇನಿ."

ಒಲೆಗಳ ಮುಂದಿನ ಬಡಿತ ನಿಂತಿತು.

"ಲೈಬ್ರರಿಯಿಂದ ತಂದು ವೈನಿ ಕೈಯಾಗ ಕೊಟ್ಟಾಕಿನ ನಾನು. ಆಕಿ ಸಾಯ್ತಾಳಂತ ಗೊತ್ತಿದ್ದ ತಂದೆ."

"ಯಾಕ? ನನ್ನ ಹೊಟ್ಟಿ ಉರಸಾಕ?"

"ನಿನಗ ಕೇಳಸಾಕ. ಮನ್ಯಾಗ ಬಾಯಿ ತೆಗದ್ರ ಬಿಡ್ತು ಅನ್ನು ಅಂತಿ. ಆ ಹುಡುಗಿ ಮನಸಿನಾಗಿಂದು ತನ್ನ ಸಿಟ್ಟಿನ ಅಕ್ಕಗ ಹೇಳ್ತಾಳ, ಅಕ್ಕ ಕೇಳ್ತಾಳ. ನೀ ನನಗ ಹೇಳಾಕ ಬಿಡವಲ್ಲಿ. ಸಾಯೂದಕ್ಕ ಅಂಜಿಲ್ಲಕ್ಕಾ... ಹೇಳದ ಹೋಗಿಬಿಡ್ತೀನಲ್ಲ, ಅದಕ್ಕ ಅಂಜೇನಿ."

ಯಾರದೋ ಹಂಚಿನ ಮೇಲೆ ರೊಟ್ಟಿ ಸೀದು ಹೊಗೆ ಎದ್ದಿತು. ಯಾರೂ ತೆಗೆಯಲಿಲ್ಲ.

ತಾನು ಇಷ್ಟು ದಿನ ಬಾಗಿಲು ಹಾಕಿದ್ದು ಸಾವಿಗಲ್ಲ, ತಂಗಿಗೆ... ಎಂದು ದ್ಯಾಮವ್ವನಿಗೆ ಆಗ ಹೊಳೆಯಿತು.

ಅವಳು ಚಂಪಾಳ ಮುಂದೆ ನೆಲಕ್ಕೆ ಕೂತಳು.

"ಹೇಳು. ಕೇಳ್ತೀನಿ."

"ಪಲ್ಲವಿನ್ನ ಅವರಪ್ಪನ ಕಡೆ ಕಳಸಬ್ಯಾಡ. ನಿನ್ನ ಹಂತ್ಯಾಕ ಇರಲಿ."

"ಮತ್ತ?"

"ಲೆಕ್ಕ ಬರೂದಿಲ್ಲಂತ ಹೊಡಿಬ್ಯಾಡ. ನಿನ್ನ ಕೈ ಭಾಳ ಬಿರುಸೈತಿ."

ಕಾಶವ್ವ ಅಳುತ್ತಲೇ ನಕ್ಕುಬಿಟ್ಟಳು.

"ಹೊಡಿಯೂದಿಲ್ಲ. ಮತ್ತ?"

ಚಂಪಾ ಅಕ್ಕನತ್ತ ಬಾಗಿದಳು. "ಸೋಮವಾರ ನನ್ನ ಒಳಗ ಒಯ್ಯೂಮುಂದ ಡಾಕ್ಟರ್ ಕೂಡ ಜಗಳಾಡ್ಕೊಂತ ನಿಲ್ಲಬ್ಯಾಡಕ್ಕಾ... ನನ್ನ ಕೈ ಹಿಡಕೊ."

ಅವ್ವ ಸತ್ತಾಗಲೂ ಅಳದ ದ್ಯಾಮವ್ವ ತಂಗಿಯನ್ನು ಎದೆಗೆ ಒತ್ತಿಕೊಂಡು ಗೋಳೋ ಎಂದು ಅತ್ತಳು.

ಬಹಳ ಹೊತ್ತಾದ ಮೇಲೆ ಮೂಗು ಒರೆಸಿಕೊಂಡು ಪುಸ್ತಕವನ್ನು ವಿಮಲಾಳತ್ತ ಚಾಚಿದಳು.

"ಓದು. ಇದ್ದದ್ದು ಇದ್ದಂಗ ಓದು. ಉಳಿದ ಅಕ್ಕತಂಗೇರು ಮುಂದ ಹೆಂಗ ಬದುಕಿದ್ರು... ಅದನ್ನ ಕೇಳಬೇಕು ನಾನು."

ಆಪರೇಷನ್ ಏನಾಯಿತು ಎಂದು ನೀವು ಕೇಳುತ್ತೀರಿ. ಚಂಪಾ ಗುಣವಾಗಿ ಮನೆಗೆ ಬಂದಳು.

ಬರದೇ ಹೋಗಿದ್ದರೂ, ಅವರಿಬ್ಬರ ನಡುವೆ ಆಡಬೇಕಾದ ಮಾತು ಉಳಿಯುತ್ತಿರಲಿಲ್ಲ.

*

ಎಲ್ಲಿಯದೋ ಒಂದು ಮನೆಯ ಕಥೆ ಇಷ್ಟು ವರ್ಷ ಬದುಕಿರುವುದು, ನಾವು ನಮ್ಮ ಮನೆಯಲ್ಲಿ ಆಡಗೊಡದ ಮಾತನ್ನು ಅದು ಆಡುತ್ತದೆ ಎಂಬ ಕಾರಣಕ್ಕೆ.

ಪ್ರೀತಿಯ ಹೆಸರಿನಲ್ಲಿ ನಿಮ್ಮ ಮನೆಯಲ್ಲಿ ಯಾರ ಬಾಯಿ ಮುಚ್ಚಿಸಿದ್ದೀರಿ... ಇವತ್ತು ಅವರ ಮುಂದೆ ಕೂತು "ಹೇಳು" ಎನ್ನುವ ಧೈರ್ಯ ನಿಮಗಿದೆಯೇ?