ಅರ್ಧ ಲೋಟ ನೀರು

“ನನ್ನ ಮಗ ಕುಡಿಯೋನಲ್ಲ ಡಾಕ್ಟ್ರೇ. ಈಚಲ ಮರದ ಕೆಳಗೆ ಮಜ್ಜಿಗೆ ಕುಡಿದ್ರೂ ಜನ ಹೆಂಡ ಅಂತಾರೆ,” ಎಂದಳು ತಾಯಿ, ನೆರೆಮನೆಯವರಿಗೆ ಹೇಳಿ ಹೇಳಿ ನಾಲಿಗೆಗೆ ರೂಢಿಯಾಗಿದ್ದ ಧಾಟಿಯಲ್ಲೇ. ಕಳ್ಳತನದ ಕೇಸಿನಲ್ಲಿ ಸಿಕ್ಕಿ, ವಿಚಾರಣೆಗೆ ಕಾಯುತ್ತಾ ಜೈಲಿನಲ್ಲಿದ್ದು, ಇವತ್ತು ತಪಾಸಣೆಗೆಂದು ಆಸ್ಪತ್ರೆಗೆ ಕರೆತಂದಿದ್ದ ಮಗ ಪಕ್ಕದ ಕುರ್ಚಿಯಲ್ಲಿ ತಲೆ ತಗ್ಗಿಸಿದ. ಬಾಗಿಲಲ್ಲಿ ನಿಂತಿದ್ದ ಪೊಲೀಸಿನವನು ಆಕಳಿಸಿದ.

“ಅಮ್ಮಾ, ಕುಡೀತೀನಿ ಅಂತ ನಾನೇ ಒಪ್ಕೊಂಡಿದ್ದೀನಲ್ಲ. ನೀನ್ಯಾಕೆ ಇನ್ನೂ ಮುಚ್ಚಿಡ್ತೀಯ?”

“ಬಾಯ್ಮುಚ್ಚೋ. ಇರೋ ಒಂಚೂರು ಮಾನಾನೂ ಬೀದಿಗೆ ಹಾಕ್ಬೇಡ.”

ಡಾಕ್ಟರ್ ದನಿ ತಗ್ಗಿಸಿದರು. “ಜೈಲು ಸೇರಿದ ಮೇಲೆ ಶಿಕ್ಷೆ ತಪ್ಪಿಸ್ಕೊಳ್ಳೋಕೆ ಎಲ್ಲರೂ ಒಪ್ಕೊಳ್ತಾರಮ್ಮ, ಅದನ್ನ ಯಾರೂ ನಂಬಲ್ಲ. ಮನೆಯವರೂ ಹೇಳಿದ್ರೆ ಇದು ಕಾಯಿಲೆ ಅಂತ ಕೋರ್ಟಿಗೆ ಬರೀತೀನಿ, ಚಿಕಿತ್ಸೆಗೆ ಕಳಿಸಬಹುದು. ಇಲ್ಲದಿದ್ರೆ ಜೈಲೇ ಗತಿ.”

ಅವಳು ಮುಖ ತಿರುಗಿಸಿದಳು. ಅಷ್ಟರಲ್ಲಿ ಮಗನಿಗೆ ಕೆಮ್ಮು ಒತ್ತರಿಸಿ ಬಂತು. ತಟ್ಟನೆ ಎದ್ದವಳು ಮೇಜಿನ ಮೇಲಿದ್ದ ತುಂಬಿದ ಲೋಟವನ್ನೆತ್ತಿ, ಅರ್ಧ ನೀರನ್ನು ಮತ್ತೆ ಜಗ್ಗಿಗೆ ಸುರಿದು, ಉಳಿದಿದ್ದನ್ನು ಅವನ ಕೈಗಿತ್ತು, ಲೋಟದ ಕೆಳಗೆ ತನ್ನ ಅಂಗೈ ಒಡ್ಡಿ ನಿಂತಳು. ಅವನ ಬೆರಳುಗಳು ನಡುಗಿದವು. ತುಳುಕಿದ ಹನಿಗಳೆಲ್ಲ ಅವಳ ಅಂಗೈಗೇ ಬಿದ್ದವು.

ಡಾಕ್ಟರ್ ಪೆನ್ನು ಕೆಳಗಿಟ್ಟರು. “ಯಾವಾಗಿನಿಂದ ಹೀಗೆ ಅರ್ಧ ಲೋಟ ಕೊಡ್ತಿದ್ದೀರಮ್ಮ?”

ಅವಳು ಒದ್ದೆಯಾದ ಅಂಗೈಯನ್ನೇ ನೋಡುತ್ತಾ ನಿಂತಳು. ಆಮೇಲೆ ಅದನ್ನು ಸೆರಗಿಗೆ ಒರೆಸಿಕೊಂಡಳು.

“ಇವರಪ್ಪ ಹೋದಾಗಿನಿಂದ. ಅದಕ್ಕೂ ಮುಂಚೆ ನನಗೆ ಕಣ್ಣು ಕಾಣಲ್ಲ ಅಂತ ಸೂಜಿಗೆ ದಾರ ಪೋಣಿಸಿ ಕೊಡ್ತಿದ್ದೋನು ಇವನೇ ಡಾಕ್ಟ್ರೇ, ಒಂದೇ ಸಲಕ್ಕೆ. ಬರ್ಕೊಳ್ಳಿ, ಎಲ್ಲಾ ಹೇಳ್ತೀನಿ. ಆ ಕೈ ಒಂದು ನನಗೆ ವಾಪಸ್ ಬರಲಿ.”